ಆಚೆ ದಡದ ಗೂಬೆ

ಅಕ್ಕ ಸಾಯುವುದಕ್ಕೆ ಹನ್ನೆರಡು ದಿನ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡಳು. ಅದೂ ಎಂಥ ಮಾತು! "ಪುಟ್ಟಿ, ಈ ಸಲ ಚಳಿಗಾಲದ ಹಕ್ಕಿ ಎಣಿಕೆಗೆ ನನ್ನ ಬದಲು ನೀನು ಹೋಗು. ನನ್ನ ಗೂಬೆ ಸಾಲು ಖಾಲಿ ಬಿಡಬೇಡ ಕಣೇ." ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದವರು ಕೇಳಿದರೆ ಇಲ್ಲ ಎನ್ನಲಿಕ್ಕಾಗುತ್ತದೆಯೇ? ಆಗಲಿ ಅಂದೆ. ನನಗೋ ಕಾಗೆಗೂ ಕೋಗಿಲೆಗೂ ವ್ಯತ್ಯಾಸ ತಿಳಿಯದು. ವಯಸ್ಸು ಐವತ್ತೆರಡು. ನನ್ನನ್ನು ಪುಟ್ಟಿ ಎನ್ನುವವರು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು.

ಗೂಬೆ ಸಾಲು ಎಂದರೆ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೂ ನನ್ನ ಹಾಗೆ ತಲೆಬುಡ ತಿಳಿಯುವುದಿಲ್ಲ. ಊರಂಚಿನಲ್ಲಿ ಒಂದು ಅಗಲವಾದ ಕಾಲುವೆ ಇದೆ. ಪ್ರತಿ ಚಳಿಗಾಲದಲ್ಲಿ ಒಂದು ಭಾನುವಾರ ಹಕ್ಕಿ ಹುಚ್ಚಿನವರೆಲ್ಲ ಸೇರಿ ಅದರ ದಂಡೆಯುದ್ದಕ್ಕೂ ನಡೆದು, ಕಂಡ ಹಕ್ಕಿ ಕೇಳಿದ ಹಕ್ಕಿ ಎಲ್ಲವನ್ನೂ ಅಚ್ಚು ಮಾಡಿದ ಹಾಳೆಯಲ್ಲಿ ಬರೆಯುತ್ತಾರೆ. ನಡಿಗೆ ಶುರುವಾಗುವ ಮೊದಲು, ಇನ್ನೂ ಮಸುಕಿರುವಾಗ, ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಂತು ಗೂಬೆಗೆ ಕಿವಿಗೊಡಬೇಕು. ಅಕ್ಕನದು ಪಶ್ಚಿಮ ದಡದ ಮೂರನೆಯ ಜಾಗ, ಪಾಳು ತೋಟದ ಮುರಿದ ಗೇಟಿನ ಹತ್ತಿರ. ಅಲ್ಲಿ ಹುಡುಕುವುದು ಸಣ್ಣ ಗೂಬೆಯನ್ನು. ಒಂದು ಹಿಡಿಯಷ್ಟು ಮೈ, ದುಂಡು ತಲೆ, ಮೋಟು ಬಾಲ. ಮಂಜಿನಲ್ಲಿ ಅದನ್ನು ನೋಡುವುದು ಕಷ್ಟ, ಮಾತಾಡಿಸುವುದು ಸುಲಭವಂತೆ. ಎರಡು ಅಂಗೈ ಸೇರಿಸಿ ಗೂಡು ಮಾಡಿ, ಹೆಬ್ಬೆರಳುಗಳ ಸಂದಿಗೆ ಊದಿ, ಅದರ ಹಾಗೇ ಮೂರು ಸಲ ಕೂಗಬೇಕು. ಒಂದು ನಿಮಿಷ ಕಾಯಬೇಕು. ಅದು ತಿರುಗಿ ಮೂರು ಸಲ ಕೂಗಿದರೆ ಆ ಸಾಲಿನಲ್ಲಿ "೧" ಎಂದು ಬರೆಯಬೇಕು. ಅಕ್ಕನ ಹಾಳೆಗಳಲ್ಲಿ ಹನ್ನೊಂದು ವರ್ಷ ಒಂದೂ ತಪ್ಪದೆ "೧".

"ಕರೆದರೆ ಉತ್ತರ ಕೊಡೋ ಜಾತಿ ಅದು. ನಿನ್ನ ಹಾಗಲ್ಲ" ಎಂದು ನನ್ನನ್ನು ಕುಟುಕುತ್ತಿದ್ದಳು. ಆಸ್ಪತ್ರೆಯ ಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತವಳು ಅವಳು. ಗಂಟೆ ಬಾರಿಸಿದರೆ ಎತ್ತಲೇಬೇಕು, ಅದು ಅವಳ ಧರ್ಮ. ನಾನು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಯಲ್ಲಿ ಇಸ್ತ್ರಿಯವಳು. ಆವಿಯ ಪ್ರೆಸ್ಸಿನ ಸದ್ದಿನಲ್ಲಿ ಯಾರು ಕರೆದರೂ ಕೇಳಿಸುವುದಿಲ್ಲ, ಕೇಳಿಸಿದರೂ ಕೈ ಬಿಡುವಂತಿಲ್ಲ. ಇಪ್ಪತ್ತಾರು ವರ್ಷ ಬಿಸಿ ಕಾಲರು, ಬಿಸಿ ತೋಳುಪಟ್ಟಿ ಹಿಡಿದು ನನ್ನ ಬೆರಳ ತುದಿಗಳು ಬಿಸಿ ತಂಪು ಎರಡನ್ನೂ ಮರೆತಿವೆ.

ಅವಳ ಕೊನೆಯ ಬಟ್ಟೆಗೆ ನಾನೇ ಇಸ್ತ್ರಿ ಹಾಕಿದೆ. ಒಂದು ಸುಕ್ಕಿರಲಿಲ್ಲ. ಬಂದ ಬಂಧುಗಳು ಬಟ್ಟೆ ನೋಡಲಿಲ್ಲ, ನನ್ನ ಕಣ್ಣು ನೋಡಿದರು. "ಒಂದು ಹನಿ ಇಲ್ಲ. ಕಲ್ಲು ಗುಂಡಿಗೆ" ಎಂದು ಚಿಕ್ಕಮ್ಮ ನನಗೆ ಕೇಳಿಸುವ ಹಾಗೇ ಹೇಳಿದರು. ಇರಬಹುದು. ಅಳು ಬಂದರೆ ತಾನೇ ಅಳುವುದು? ಅದೇನು ಅಂಗಡಿಯಲ್ಲಿ ಸಿಗುತ್ತದೆಯೇ? ಮಾರನೆಯ ದಿನ ಕೆಲಸಕ್ಕೆ ಹೋದೆ, ಹದಿನಾಲ್ಕು ಕೋಟು ಮುಗಿಸಿದೆ, ಮನೆಗೆ ಬಂದು ಎರಡು ಲೋಟ ತೊಳೆದೆ. ಎರಡನೆಯದರಲ್ಲಿ ಯಾರೂ ಕುಡಿದಿರಲಿಲ್ಲ.

ತಲೆಯಲ್ಲಿ ಉಳಿದದ್ದು ಡಾಕ್ಟರ ಒಂದು ಪ್ರಶ್ನೆ ಮಾತ್ರ. ಬೇಸಗೆಯಲ್ಲಿ ಅವಳು ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟ ದಿನ ಕರೆದುಕೊಂಡು ಹೋಗಿದ್ದೆ. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರು ಕೇಳಿದರು: "ಯಾವಾಗಿಂದ ಹೀಗಿದೆ?" ಅಕ್ಕ "ಈಗೀಗ" ಅಂದಳು. ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಒಂದೇ ಮನೇಲಿ ಇರೋದಲ್ವಾ? ಯಾವಾಗಿಂದ?" ನಾನು ಬಾಯಿ ತೆರೆದೆ, ಏನೂ ಹೊರಡಲಿಲ್ಲ. "ನಾಲ್ಕೈದು ತಿಂಗಳು ಮೊದಲೇ ಬಂದಿದ್ರೆ ಮಾತು ಬೇರೆ ಇತ್ತು" ಎಂದು ಅವರು ಚಿತ್ರವನ್ನು ಲಕೋಟೆಗೆ ಹಾಕಿದರು.

ಇರಲಿ. ಎಣಿಕೆಯ ದಿನ ಬಂತು. ಮೂಲೆಯಲ್ಲಿ ನೇತುಹಾಕಿದ್ದ ಅವಳ ದಪ್ಪ ಕೋಟನ್ನು ತೆಗೆದೆ. ಗೂಬೆ ನಡಿಗೆಗೆ ಬಿಟ್ಟರೆ ಬೇರೆಲ್ಲಿಗೂ ಅದನ್ನು ಹಾಕುತ್ತಿರಲಿಲ್ಲ. ಯಾರ ಕೋಟು ಕೈಗೆ ಬಂದರೂ ಮೊದಲು ಜೇಬು ನೋಡುವುದು ನಮ್ಮ ಕಸುಬಿನವರ ಚಾಳಿ. ಒಂದು ಮೋಟು ಪೆನ್ಸಿಲ್ ಸಿಕ್ಕಿತು. ಗಂಟಲು ಕೆರೆತಕ್ಕೆ ಚೀಪುವ ಮಿಠಾಯಿಯ ಕಾಗದಗಳು ಸಿಕ್ಕವು, ಏಳೋ ಎಂಟೋ. ಕಾಗದಗಳನ್ನು ಕಸದ ಬುಟ್ಟಿಗೆ ಎಸೆದೆ, ಪೆನ್ಸಿಲ್ ಇಟ್ಟುಕೊಂಡೆ.

ಕಾಲುವೆಯ ಸೇತುವೆ ಹತ್ತಿರ ಪಟ್ಟಿಯಜ್ಜ ಕಾಯುತ್ತಿದ್ದರು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಎಲ್ಲರ ಪಟ್ಟಿಗಳನ್ನೂ ಸೇರಿಸಿ ದೊಡ್ಡ ಪಟ್ಟಿ ಮಾಡುವುದು ಅವರೇ ಆದ್ದರಿಂದ ಆ ಹೆಸರು. ನನ್ನ ಕೈಗೆ ಹಾಳೆ ಕೊಟ್ಟು, "ಈ ಸಲ ಒಂದೊಂದರ ಮುಂದೂ ಟೈಮ್ ಬರೀಬೇಕು ತಾಯಿ, ಮರೀಬೇಡಿ" ಅಂದರು. ಕಾರಣ ಕೇಳಿದೆ. ಕಾಲುವೆಯ ಎರಡು ದಡಗಳಿಗೆ ಎರಡು ಸಂಘಗಳಂತೆ. ಹನ್ನೆರಡು ವರ್ಷದ ಹಿಂದೆ ಒಂದು ಕೊಕ್ಕರೆ ಈ ದಡದಿಂದ ಆ ದಡಕ್ಕೆ ಹಾರಿತಂತೆ. ಇವರೂ ಬರೆದರು, ಅವರೂ ಬರೆದರು. ಕೊಕ್ಕರೆ ಯಾರದು ಎಂದು ಜಗಳವಾಗಿ ಮಾತು ಬಿಟ್ಟರು. ಅಂದಿನಿಂದ ಅವರ ಎಣಿಕೆ ಅವರಿಗೆ, ಇವರದು ಇವರಿಗೆ. ದಿನ ಮಾತ್ರ ಒಂದೇ, ಅದನ್ನು ಯಾರೂ ಬಿಟ್ಟುಕೊಡಲಿಲ್ಲ. ಈ ವರ್ಷ ರಾಜಿಯಾಗಿ ಎರಡೂ ಪಟ್ಟಿ ಒಟ್ಟಿಗೆ ಕೂಡಿಸುವುದಂತೆ, ಟೈಮ್ ನೋಡಿ ಎರಡು ಸಲ ಬಂದದ್ದನ್ನು ಹೊಡೆದುಹಾಕುವುದಂತೆ. ವಯಸ್ಸಾದ ಗಂಡಸರು ಒಂದು ಕೊಕ್ಕರೆಗೆ ಹನ್ನೆರಡು ವರ್ಷ ಮುಖ ಊದಿಸಿಕೊಂಡದ್ದು ಕೇಳಿ, ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

"ನನಗೆ ಬೇಕಾಗಿರೋದು ಒಂದು ಗೂಬೆ ಅಷ್ಟೆ" ಅಂದೆ. "ಅಕ್ಕನಿಗೆ ಮಾತು ಕೊಟ್ಟಿದೀನಿ."

"ಗೊತ್ತು" ಎಂದು ಪಟ್ಟಿಯಜ್ಜ ಬೇರೆ ಕಡೆ ನೋಡಿದರು.

ಮೂರನೆಯ ಜಾಗಕ್ಕೆ ಹೋಗಿ ನಿಂತೆ. ಮಂಜು ಎಷ್ಟಿತ್ತೆಂದರೆ ಕಾಲುವೆಯ ನೀರು ಕಾಣುತ್ತಿರಲಿಲ್ಲ, ಆಚೆ ದಡದ ಮಾತು ಬಿಡಿ. ನನಗೆ ಕೈಯಲ್ಲಿ ಊದಲು ಬರುವುದಿಲ್ಲ. ಅಕ್ಕ ಎಷ್ಟೋ ಸಲ ಹೇಳಿಕೊಟ್ಟಿದ್ದಳು, ನನ್ನ ಅಂಗೈಯಿಂದ ಬರೀ ಉಸಿರು ಹೊರಡುತ್ತಿತ್ತು. ಆದರೂ ಒಂದು ಕೈ ನೋಡೋಣವೆಂದು ಜೇಬಿನಿಂದ ಕೈ ತೆಗೆಯುವಷ್ಟರಲ್ಲಿ ಆಚೆಯಿಂದ ಅದೇ ಕೂಗಿತು. ಟೊಳ್ಳು ದನಿ. ಒಂದು, ಎರಡು, ಮೂರು. ಗಡಿಯಾರ ನೋಡಿದೆ, ಆರು ಇಪ್ಪತ್ತು. ಮತ್ತೆ ಮೌನ. ಒಂದು ನಿಮಿಷ ಬಿಟ್ಟು ಮತ್ತೆ ಮೂರು. ಅದೂ ಆಗಿ, ಸುಮಾರು ಹೊತ್ತು ಬಿಟ್ಟು, ಇನ್ನೊಮ್ಮೆ ಮೂರು. ಈ ಸಲ ಸ್ವಲ್ಪ ಗಟ್ಟಿಯಾಗಿ. ಹಕ್ಕಿಗೆ ಎಂಥ ಅವಸರವೋ ಎಂದುಕೊಂಡೆ. ಅಕ್ಕನ ಪೆನ್ಸಿಲಿನಿಂದ ಸಣ್ಣ ಗೂಬೆಯ ಸಾಲಿನಲ್ಲಿ "೧" ಬರೆದೆ, ಮುಂದೆ ಟೈಮ್ ಬರೆದೆ, ಆಚೆ ದಡ ಎಂದೂ ಬರೆದೆ. ಕೈ ತಿರುಗಿ ಜೇಬಿಗೆ ಹೋಯಿತು.

ಮಾತು ಉಳಿಸಿಕೊಂಡಾಯಿತು. ಈಗಲಾದರೂ ಎದೆಯಲ್ಲಿ ಏನಾದರೂ ಅಲ್ಲಾಡೀತು ಎಂದು ಕಾದೆ. ಏನೂ ಇಲ್ಲ. ಕಾಲು ಮಾತ್ರ ಜೋಮು ಹಿಡಿದಿತ್ತು.

ಬೆಳಕು ಹರಿದ ಮೇಲೆ ನಮ್ಮ ದಡದವರೆಲ್ಲ ಸೇರಿ ನಡೆದೆವು. ಗುಂಪಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ಕುತ್ತಿಗೆಗೆ ಸೋರೆಕಾಯಿಯಷ್ಟು ಉದ್ದದ ಕ್ಯಾಮೆರಾ, ಬಾಯಿಗೆ ಬಿಡುವಿಲ್ಲ. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹತ್ತಿರ ಅವನು ಒಮ್ಮೆಲೇ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದನೆಂದೇ ಎಲ್ಲರೂ ನಿಂತೆವು. ಹೊಗೆಗೂಡಿನ ಒಡೆದ ಇಟ್ಟಿಗೆಯ ಸಂದಿನಲ್ಲಿ ಎರಡು ಸಣ್ಣ ಗೂಬೆಗಳು ಒತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದವು.

ಅಕ್ಕನ ದುರ್ಬೀನು ಕಣ್ಣಿಗೆ ಹಿಡಿದೆ. ಎಲ್ಲ ಮಂಜು ಮಂಜು. ಅದು ಅವಳ ಕಣ್ಣಿಗೆ ಹೊಂದಿಸಿದ್ದ ಹಾಗೇ ಇತ್ತು. ಚಕ್ರ ತಿರುಗಿಸಿದೆ, ಗೂಬೆಗಳು ಸ್ಪಷ್ಟವಾದವು. ತಿರುಗಿಸಿದ ಮೇಲೆ ಹೊಳೆಯಿತು, ಇನ್ನು ಅವಳ ಕಣ್ಣಿನ ಅಳತೆ ಎಲ್ಲಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಎಡಗಡೆಯದು ಕುತ್ತಿಗೆ ಮೇಲೆ ಕೆಳಗೆ ಕುಣಿಸಿ ನನ್ನನ್ನೇ ನೋಡಿತು. ಹಳದಿ ಕಣ್ಣು, ಬಿಳಿ ಹುಬ್ಬು, ಬೆಳಗ್ಗೆ ಎಬ್ಬಿಸಿದರೆ ನಾನು ಅಕ್ಕನನ್ನು ನೋಡುತ್ತಿದ್ದಂಥ ನೋಟ. ಬಲಗಡೆಯದು ಕಣ್ಣು ಮುಚ್ಚಿ ಅದರ ಮೈಗೆ ಇನ್ನಷ್ಟು ಒತ್ತಿಕೊಂಡಿತು. ಪಕ್ಕದಲ್ಲಿ ಯಾರೋ "ಆಹಾ" ಅಂದರು. ಕಂಡಕ್ಟರನ ಕಣ್ಣಲ್ಲಿ ನೀರು, ಅದೂ ಚಳಿಗಲ್ಲ. ನನಗೆ ಎರಡು ಹಕ್ಕಿ ಕಂಡವು. ಹೊಗೆಗೂಡು ಬೇರೆ ಜಾಗ, ಬೇರೆ ಸಾಲು. ಬರೆದುಕೊಂಡು ಮುಂದೆ ನಡೆದೆ.

ಹತ್ತೂವರೆಗೆ ಎರಡೂ ದಡದವರು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿದೆವು. ಉದ್ದನೆಯ ಮೇಜು, ಕಾಗದದ ಲೋಟದಲ್ಲಿ ಚಹಾ, ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ರಾಜಿಯಾದರೂ ಕುರ್ಚಿಗಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಪಟ್ಟಿಯಜ್ಜ ಕನ್ನಡಕ ಏರಿಸಿ ಜಾಗದ ಪ್ರಕಾರ ಓದತೊಡಗಿದರು.

"ಪಶ್ಚಿಮ ದಡ, ಮೂರನೇ ಜಾಗ. ಆರು ಇಪ್ಪತ್ತು. ಸಣ್ಣ ಗೂಬೆ ಒಂದು, ಆಚೆ ದಡದಿಂದ ಕೂಗಿದ್ದು. ಸರಿ. ಈಗ ಪೂರ್ವ ದಡದ ಮೂರನೇ ಜಾಗ ಯಾರದಪ್ಪ?"

ನನ್ನೆದುರು ಕೂತಿದ್ದವರು ಕೈ ಎತ್ತಿದರು. ಅರವತ್ತು ದಾಟಿದ ಸಣಕಲು ಮನುಷ್ಯ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮಾರುಕಟ್ಟೆ ರಸ್ತೆಯಲ್ಲಿ ಬೀಗ ರಿಪೇರಿ ಮಾಡುವವರು. ಅವರ ಕಡೆಯವರೆಲ್ಲ ಬೀಗದವರು ಎಂದೇ ಕರೆಯುತ್ತಿದ್ದರು.

"ನನ್ನದು. ಗೂಬೆ ಇಲ್ಲ" ಅಂದರು.

"ಇಲ್ವಾ? ಇವರು ನೋಡಿದ್ರೆ ನೀವು ನಿಂತಲ್ಲೇ ಕೂಗ್ತು ಅಂತಾರೆ. ನಿಮ್ಮ ತಲೆ ಮೇಲೇ ಗೂಬೆ ಕೂರಿಸಿದಾರಲ್ಲ ಮಾರಾಯ್ರೇ."

ಎಲ್ಲರೂ ನಕ್ಕರು. ಬೀಗದವರು ನಗಲಿಲ್ಲ. "ಹನ್ನೊಂದು ವರ್ಷದಲ್ಲಿ ಇದೇ ಮೊದಲು" ಅಂದರು. "ಪ್ರತಿ ವರ್ಷ ನಿಮ್ಮ ದಡದ ಪಾಳು ತೋಟದಿಂದ ಉತ್ತರ ಕೊಡ್ತಿತ್ತು. ಇವತ್ತು ಮೂರು ಸಲ ಕರೆದೆ. ಕೊನೆಗೆ ಗಟ್ಟಿಯಾಗೂ ಕರೆದೆ. ಇಲ್ಲ. ಹೋಗಿರಬೇಕು ಪಾಪ, ವಯಸ್ಸಾಗಿತ್ತು."

"ಹೇಗೆ ಕರೀತೀರಿ ನೀವು?" ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು, ಕೇಳಿದೆ.

ಅವರು ಗೊಂಚಲಿನಿಂದ ಒಂದು ಹಳೆಯ ಉದ್ದನೆಯ ಬೀಗದ ಕೈ ಬಿಡಿಸಿದರು. ಅದರ ಕೊಳವೆ ಟೊಳ್ಳು. ತುಟಿಗೆ ಒತ್ತಿ, ಶಾಯಿ ಬಾಟಲಿಯ ಬಾಯಿಗೆ ಊದುವ ಹಾಗೆ ಊದಿದರು. ಒಂದು, ಎರಡು, ಮೂರು.

ಬೆಳಗಿನ ನನ್ನ ಗೂಬೆ ಮೇಜಿನ ಆಚೆ ಕೂತಿತ್ತು.

ಕೋಣೆಯಲ್ಲಿ ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಸುಮ್ಮನಿದ್ದರೆ ಹೊಳೆಯುತ್ತಲೂ ಇರಲಿಲ್ಲ. ಗೂಬೆ ತಾನೇ, ಇವರು ಹೋದ ಮೇಲೆ ಬಂದು ಕೂತಿರಬಹುದು ಎಂದು ಪಟ್ಟಿಯಜ್ಜ ಬರೆದುಕೊಳ್ಳುತ್ತಿದ್ದರು. ನನ್ನ ಸಾಲು ಉಳಿಯುತ್ತಿತ್ತು, ಅಕ್ಕನ ಹನ್ನೊಂದೂ ಉಳಿಯುತ್ತಿದ್ದವು. ಆದರೆ ಅವಳು ರಾಂಗ್ ನಂಬರನ್ನೂ ರಿಜಿಸ್ಟರಿನಲ್ಲಿ ರಾಂಗ್ ನಂಬರ್ ಎಂದೇ ಬರೆಯುತ್ತಿದ್ದವಳು. ಅವಳ ಪೆನ್ಸಿಲ್ ಕೈಯಲ್ಲಿ ಹಿಡಿದು ಸುಳ್ಳು ಬರೆಯಲು ನನಗೆ ಧೈರ್ಯವಿರಲಿಲ್ಲ.

"ನನ್ನದು ಹೊಡೆದುಹಾಕಿ" ಅಂದೆ. "ಅದು ಗೂಬೆ ಅಲ್ಲ, ಇವರು."

ಪಟ್ಟಿಯಜ್ಜ ಕನ್ನಡಕ ಇಳಿಸಿದರು. ಬೀಗದವರು ಬೀಗದ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನಕ್ಕೆ ಬಾಗಿಲು ತೆರೆದ ಹಾಗೆ ಅವರ ಮುಖ ಬದಲಾಯಿತು.

"ಹಂಗಾದ್ರೆ ನನ್ನದು?"

"ನಿಮ್ಮದು ನಮ್ಮಕ್ಕ. ಕೈಯಲ್ಲಿ ಊದ್ತಿದ್ಲು. ನಿಮ್ಮನ್ನ ಅವಳು ಬರೀತಿದ್ಲು, ಅವಳನ್ನ ನೀವು."

ಹನ್ನೊಂದು ಚಳಿಗಾಲ ಇಬ್ಬರು ದೊಡ್ಡವರು ಕಾಲುವೆಯ ಎರಡು ಬದಿ ನಿಂತು ಒಬ್ಬರನ್ನೊಬ್ಬರು ಗೂಬೆ ಎಂದು ಬರೆದುಕೊಂಡದ್ದು. ಕಂಡಕ್ಟರ್ ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡ. ನಗಬೇಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಪಟ್ಟಿಯಜ್ಜ ಹಳೆಯ ಹಾಳೆಗಳ ಕಟ್ಟನ್ನು ಎಳೆದುಕೊಂಡರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆಮೇಲೆ ನನ್ನ ಕಡೆ ಬಾಗಿ, "ಹೊಗೆಗೂಡಿನಲ್ಲಿ ಎರಡಿದ್ವಲ್ಲ ತಾಯಿ" ಎಂದು ಪಿಸುಗುಟ್ಟಿದರು. "ಒಂದನ್ನ ನಿಮ್ಮ ಮೂರನೇ ಜಾಗಕ್ಕೆ ಬರ್ಕೊಂಡ್ರೆ ಯಾರು ಕೇಳ್ತಾರೆ. ಸಾಲು ಖಾಲಿ ಇರಲ್ಲ." ಒಂದು ಕೊಕ್ಕರೆಗೆ ಹನ್ನೆರಡು ವರ್ಷ ಮಾತು ಬಿಟ್ಟ ಮನುಷ್ಯ. ಅವರ ಮೇಲೆ ಮೊದಲ ಸಲ ಪ್ರೀತಿ ಬಂತು.

"ಬೇಡ. ಅವಳು ಎದ್ದು ಬಂದು ಜಗಳ ಆಡ್ತಾಳೆ" ಎಂದು ಪೆನ್ನು ಇಸಿದುಕೊಂಡೆ. ನನ್ನ "೧" ರ ಮೇಲೆ ನಾನೇ ಗೆರೆ ಎಳೆದೆ. ಅವಳ ಹನ್ನೊಂದರ ಮೇಲೂ ಎಳೆದೆ, ಒಂದೊಂದು ಹಾಳೆ ತಿರುವಿ. ಅಕ್ಕ ನನ್ನಲ್ಲಿ ಕೇಳಿದ್ದು ಒಂದೇ ಒಂದು, ಅದನ್ನೂ ಹನ್ನೊಂದು ವರ್ಷದ ಸಮೇತ ಅಳಿಸಿ ಹಾಕಿದ ತಂಗಿ ನಾನು. ಆಗಲೂ ನನಗೆ ಏನೂ ಅನಿಸಲಿಲ್ಲ.

ಬೀಗದವರು ಎದ್ದು ಮೇಜು ಸುತ್ತಿಕೊಂಡು ನನ್ನ ಪಕ್ಕದ ಕುರ್ಚಿಗೆ ಬಂದರು. ಜೇಬಿನಿಂದ ಎಣ್ಣೆ ಕಲೆಯ ಒಂದು ಪುಟ್ಟ ಪುಸ್ತಕ ತೆಗೆದರು.

"ಹಾಳೆಯಲ್ಲಿ ಬರೀ ನಂಬರು ಬರೀತೀವಿ" ಅಂದರು. "ನಂಗೆ ಅಷ್ಟು ಸಾಲದು. ಪ್ರತಿ ವರ್ಷ ಅದು ಹೇಗೆ ಕೂಗ್ತು ಅಂತ ಒಂದೊಂದು ಸಾಲು ಇಲ್ಲಿ ಬರ್ಕೊಳ್ತಿದ್ದೆ. ಇದು ಇನ್ನು ನನ್ನದಲ್ಲ, ನಿಮ್ಮದು. ನೋಡಿ."

ಮೊದಲ ವರ್ಷ: "ಹೊಸ ಹಕ್ಕಿ. ಬಲು ಆತುರ. ನಾನು ಮುಗಿಸುವ ಮೊದಲೇ ಉತ್ತರ." ಅವಳೇ. ಫೋನು ಎರಡನೇ ಸಲ ಹೊಡೆದುಕೊಳ್ಳಲು ಬಿಟ್ಟವಳಲ್ಲ. ನಾಲ್ಕನೆಯ ವರ್ಷ: "ಗಾಳಿ, ಆಲಿಕಲ್ಲು. ಬರಲಾರದು ಅಂದುಕೊಂಡೆ. ಬಂದಿತ್ತು." ಏಳನೆಯ ವರ್ಷ: "ಅರ್ಧ ಗಂಟೆ ತಡ. ಆದರೂ ಬಿಡದೆ ಉತ್ತರ ಕೊಟ್ಟಿತು. ಏದುಸಿರು." ಆ ವರ್ಷ ನಿದ್ದೆಗಣ್ಣಲ್ಲಿ ಅವಳ ಅಲಾರಂ ನಿಲ್ಲಿಸಿದ್ದು ನಾನು. ಇಡೀ ದಿನ ಬೈದಿದ್ದಳು. ಓಡಿಯೇ ಹೋಗಿದ್ದಳು ಅಂತಾಯಿತು.

ಕೊನೆಯದು ಹೋದ ಚಳಿಗಾಲದ್ದು. ಮೇಲೆ ತಾರೀಖು. ಕೆಳಗೆ, ಉಳಿದವಕ್ಕಿಂತ ಉದ್ದವಾಗಿ: "ದನಿ ಇಳಿದಿದೆ. ಎರಡನೆಯ ಕೂಗಿನ ನಡುವೆ ಉಸಿರು ಕಡಿಯಿತು. ಮೂರನೆಯದಕ್ಕೆ ಬಹಳ ಹೊತ್ತು ಕಾದೆ. ಅರ್ಧ ಬಂತು. ಮೈ ಹುಷಾರಿಲ್ಲವೇನೋ."

ಆ ಸಾಲನ್ನು ಎರಡು ಸಲ ಓದಿದೆ. ತಾರೀಖನ್ನು ಮೂರು ಸಲ. ಬೇಸಗೆಯಲ್ಲಿ ಡಾಕ್ಟರ ಹತ್ತಿರ ಹೋದ ದಿನದವರೆಗೆ ಬೆರಳು ಮಡಿಚಿ ಎಣಿಸಿದೆ. ನಾಲ್ಕು ತಿಂಗಳು, ಹದಿನೇಳು ದಿನ.

ಹೋದ ಚಳಿಗಾಲದ ರಾತ್ರಿಗಳಲ್ಲಿ ಪಕ್ಕದ ಮಂಚದಲ್ಲಿ ಅವಳು ಕೆಮ್ಮುತ್ತಿದ್ದಳು. ನಾನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ಒಂದು ಸಂಜೆ ಟಿವಿ ಕೇಳಿಸಲಿಲ್ಲವೆಂದು, "ಆಚೆ ಕೋಣೆಗೆ ಹೋಗಿ ಕೆಮ್ಮಬಾರದಾ?" ಅಂದಿದ್ದೆ. ಅವಳು ಹೋಗಿ ಕೆಮ್ಮಿ ಬಂದಿದ್ದಳು. ಬರುವಾಗ ನನಗೆ ಚಹಾ ತಂದಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಡಾಕ್ಟರು ಕೇಳಿದಾಗ ಒಂದೂ ನೆನಪಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆಯವರ ಬಗ್ಗೆ ಎಷ್ಟು ಸಲ ಆಡಿದ್ದೇನೋ.

"ಹುಷಾರಿಲ್ಲ ಅಂತ ನಂಗೆ ಅನಿಸಿತ್ತಮ್ಮ" ಬೀಗದವರು ತಲೆ ತಗ್ಗಿಸಿ ಹೇಳಿದರು. "ಮನೇಲೂ ಹೇಳಿದ್ದೆ. ಆದ್ರೆ ಗೂಬೆ ಅಂದ್ಕೊಂಡಿದ್ದೆ. ಗೂಬೆನ ಯಾರು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರೆ ಹೇಳಿ."

ಆಗ ಬಂತು ಅಳು. ಚಿಕ್ಕಮ್ಮ ಕಾದಿದ್ದಂಥ, ಸೆರಗಿನಲ್ಲಿ ಒರೆಸಿಕೊಳ್ಳುವ ಅಳುವಲ್ಲ. ಮೂಗು, ಬಾಯಿ, ಗಂಟಲು ಎಲ್ಲ ಕಡೆಯಿಂದಲೂ, ಹೊಟ್ಟೆ ಹಿಡಿದುಕೊಳ್ಳುವ ಹಾಗೆ. ಅಷ್ಟು ಜನರ ಎದುರು, ಅವಳ ಕೋಟಿನ ತೋಳಿಗೆ ಮುಖ ಒತ್ತಿ ಅತ್ತೆ. ಎರಡೂ ದಡದವರು ಚಹಾದ ಲೋಟ ನೋಡುತ್ತ ಕೂತರು.

ಬೀಗದವರು ಇಂಥ ಹೊತ್ತಿನಲ್ಲಿ ಜನ ಕೇಳುವುದನ್ನೇ ಮೆಲ್ಲಗೆ ಕೇಳಿದರು.

"ಯಾವಾಗಿಂದ ಹುಷಾರಿರಲಿಲ್ಲ ಅವರಿಗೆ?"

ಅವರ ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿಂದ" ಅಂದೆ.